ಇಳಿತದ ಹೊತ್ತಿಗೆ ಬರುವವರು

ನಮ್ಮೂರಿಗೆ ಹೊಸದಾಗಿ ಬಂದವರಿಗೆ ನಾವು ಮೊದಲು ಕಲಿಸುವ ಪಾಠ ಒಂದೇ: ಹೊಳೆ ಕಾಣುವ ಜಾಗದಲ್ಲಿ ಯಾರನ್ನೂ ಏನನ್ನೂ ಪ್ರಶ್ನೆ ಮಾಡಬಾರದು. ಹೇಳಬಹುದು. ಎಷ್ಟು ಬೇಕಾದರೂ ಹೇಳಬಹುದು, ಬೈಯಬಹುದು, ಹಾಡಬಹುದು, ಹರಟೆ ಕೊಚ್ಚಬಹುದು. ಪ್ರಶ್ನೆ ಮಾತ್ರ ಕೂಡದು. ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಳ್ಳುವವರು "ಈ ಬಂಗುಡೆಗೆ ನೀನು ಬಾಯಿಗೆ ಬಂದ ರೇಟು ಹೇಳ್ತಿ ಅಂತ ನಂಗೆ ಗೊತ್ತುಂಟು" ಅನ್ನುತ್ತಾರೆ; ಮಾರುವವಳು "ಹೇಳಿಯೇ ಹೇಳ್ತೇನೆ" ಅನ್ನುತ್ತ ರೇಟು ಹೇಳುತ್ತಾಳೆ. ಎದುರು ಸಿಕ್ಕಿದವರು "ಎಲ್ಲಿಗೋ ಹೊರಟ ಹಾಗೆ ಕಾಣ್ತದೆ" ಅಂತ ಹೇಳಿ ಸುಮ್ಮನಾಗುತ್ತಾರೆ. ಗುಡ್ಡ ಹತ್ತಿ ಆಚೆಯ ಪೇಟೆಗೆ ಇಳಿದರೆ ನಾವೂ ಎಲ್ಲರಂತೆಯೇ. ಅಲ್ಲಿ ಒಂದಕ್ಕೆ ಹತ್ತು ಪ್ರಶ್ನೆ ಹಾಕಿ ಅಂಗಡಿಯವರ ತಲೆ ತಿನ್ನುತ್ತೇವೆ. ಈಚೆ ಬಂದು ಹೊಳೆ ಕಂಡಿತೋ, ಬಾಯಿಗೆ ಬಂದ ಪ್ರಶ್ನೆಯನ್ನು ಎಲೆಯಡಿಕೆಯ ಹಾಗೆ ದವಡೆಗೆ ತಳ್ಳಿಬಿಡುತ್ತೇವೆ.

ಇಳಿತದ ಹೊತ್ತಿಗೆ ಅವರು ಬರುತ್ತಾರಲ್ಲ, ಅದಕ್ಕೆ. ಹೊಳೆಯಲ್ಲಿ ಮುಳುಗಿ ಹೋದವರು, ಅವರನ್ನು ನಾವು ನೀರಿನವರು ಅನ್ನುತ್ತೇವೆ. ಹಗಲಿನ ಇಳಿತ ತಳ ಮುಟ್ಟಿದಾಗ ಒಬ್ಬೊಬ್ಬರೂ ತಂತಮ್ಮ ಮನೆಯಿಂದ ಹೊಳೆಗಿಳಿಯುವ ಮೆಟ್ಟಿಲ ಬುಡದಲ್ಲಿ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ, ಮನೆಯ ಕಡೆ ಮುಖ ಮಾಡಿ ನಿಂತಿರುತ್ತಾರೆ. ಬರುವುದನ್ನು ಕಂಡವರಿಲ್ಲ. ನೋಡಿದಾಗ ಇರುತ್ತಾರೆ, ಅಷ್ಟೆ. ಅವರ ಕೂದಲಿನಿಂದ ನೀರು ತೊಟ್ಟಿಕ್ಕುತ್ತದೆ, ಆದರೆ ಬಿದ್ದ ಜಾಗದಲ್ಲಿ ಅಲೆ ಏಳುವುದಿಲ್ಲ. ಉಬ್ಬರ ತಿರುಗಿದ ಮೇಲೆ ಇರುವುದಿಲ್ಲ. ಹೊಸಬರಿಗೆ ಎದೆ ಝಲ್ಲೆನ್ನುತ್ತದೆ, ನಮಗೆ ರೂಢಿ. ಮದುಮಗಳನ್ನು ಮೆಟ್ಟಿಲಿಳಿಸಿ ತೋರಿಸುತ್ತೇವೆ. ಪರೀಕ್ಷೆ ಪಾಸಾದ ಮಕ್ಕಳು ಅಂಕಪಟ್ಟಿ ಹಿಡಿದು ನಿಲ್ಲುತ್ತಾರೆ. ಅತ್ತೆ ಒಂದು ದಿನ ಬಂದು ಸೊಸೆಯ ಮೇಲೆ ದೂರು ಹೇಳಿದರೆ ಮಾರನೆಯ ದಿನ ಸೊಸೆ ಬಂದು ಅತ್ತೆಯ ಮೇಲೆ ಹೇಳುತ್ತಾಳೆ. ನೀರಿನವರು ಎಲ್ಲವನ್ನೂ ರೆಪ್ಪೆ ಮುಚ್ಚದೆ ಕೇಳಿಸಿಕೊಳ್ಳುತ್ತಾರೆ. ಇಂಥ ಹಿರಿಯರು ಬೇರೆ ಯಾವ ಊರಿನಲ್ಲಿದ್ದಾರೆ, ಹೇಳಿ!

ನಮ್ಮ ಮೆಟ್ಟಿಲಿಗೆ ಬರುವವಳು ನನ್ನ ಅಕ್ಕ ಗುಲಾಬಿ. ಹೋದಾಗ ಅವಳಿಗೆ ಹತ್ತೊಂಬತ್ತು, ನನಗೆ ಹನ್ನೆರಡು. ಈಗ ನನಗೆ ಐವತ್ತು ದಾಟಿದೆ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತೇನೆ. ಅವಳಿಗೆ ಇನ್ನೂ ಹತ್ತೊಂಬತ್ತೇ. ಆದರೂ ಅಕ್ಕ ಅಕ್ಕನೇ. ಒಂದು ತಟ್ಟೆ ಅನ್ನ, ಸಾರು, ಒಂದು ತುಂಡು ಮೀನು ತಂದು ಮೆಟ್ಟಿಲ ಮೇಲಿಟ್ಟು, "ಊಟ ತಂದಿದ್ದೇನೆ ಅಕ್ಕ" ಅಂತ ಹೇಳಿ ಪಕ್ಕದಲ್ಲಿ ಕೂರುತ್ತೇನೆ. ಊರಿನ ಸುದ್ದಿ ಹೇಳುತ್ತೇನೆ. ನನ್ನ ಮಂಡಿನೋವಿನ ಪುರಾಣ ಹೇಳುತ್ತೇನೆ, ಅದು ಇಂದಿಗೂ ಮುಗಿದಿಲ್ಲ. ಉಬ್ಬರ ತಿರುಗಿ ಅವಳು ಇಲ್ಲವಾದ ಮೇಲೆ ಅದೇ ತಟ್ಟೆಯಲ್ಲಿ ನಾನು ಉಣ್ಣುತ್ತೇನೆ, ಆರಿದ ಅನ್ನ. ಹರೆಯದಲ್ಲಿ ನನಗೆ ಗುಡ್ಡದ ಆಚೆಯಿಂದ ಸಂಬಂಧಗಳು ಬಂದದ್ದುಂಟು. ನಾನು ಹೋದರೆ ಇಳಿತದ ಹೊತ್ತಿಗೆ ಮೆಟ್ಟಿಲಿಳಿಯಲು ಮನೆಯಲ್ಲಿ ಜನವಿಲ್ಲ ಅಂತ ಒಲ್ಲೆ ಎಂದೆ. ಅದಕ್ಕೆ ನನಗೆ ಬೇಸರವಿಲ್ಲ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಹೇಳುವುದಕ್ಕೆ ನಮ್ಮೂರಿನಲ್ಲಿ ಅಡ್ಡಿ ಇಲ್ಲವಲ್ಲ.

ಒಂದು ಪ್ರಶ್ನೆ ಮಾತ್ರ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಅವತ್ತು ಮಧ್ಯಾಹ್ನ ಅಕ್ಕ ಬಟ್ಟೆ ಒಗೆಯುತ್ತಿದ್ದವಳು ಅರ್ಧಕ್ಕೆ ಬಿಟ್ಟು ಎದ್ದು ಅಳಿವೆಯ ಗೋಡೆಯ ಕಡೆ ನಡೆದುಹೋದಳು. ಮತ್ತೆ ಬರಲಿಲ್ಲ. ಯಾಕೆ ಹೋದಳು? ಜಾರಿ ಬಿದ್ದಳೋ, ಬೇಕೆಂದೇ ಇಳಿದಳೋ? ಅಮ್ಮ ಈ ಪ್ರಶ್ನೆಯನ್ನು ನುಂಗಿಕೊಂಡೇ ಸತ್ತಳು. ಆಮೇಲೆ ಅದು ನನ್ನ ಪಾಲಿಗೆ ಬಂತು.

ಅಳಿವೆ ಅಂದರೆ ನಮ್ಮ ಹೊಳೆ ಕಡಲು ಸೇರುವ ಬಾಯಿ. ನಾನು ಸಣ್ಣವಳಿದ್ದಾಗ ಅಲ್ಲಿ ದೊಡ್ಡ ಬಂದರು ಬರುತ್ತದೆಂದು ಲಾರಿಗಟ್ಟಲೆ ಬಂಡೆ ತಂದು ಸುರಿದು ಗೋಡೆ ಹಾಕಿದ್ದರು. ಬಂದರು ಬರಲಿಲ್ಲ. ಕಂಟ್ರಾಕ್ಟರನೂ ಮತ್ತೆ ಬರಲಿಲ್ಲ. ಬಂದದ್ದು ಮರಳು. ಗೋಡೆಗೆ ಒತ್ತಿಕೊಂಡು ಮರಳು ಬೆಳೆದು, ಹಡಗು ಹೋಗುವಷ್ಟಿದ್ದ ಬಾಯಿ ಹಾರಿ ದಾಟುವ ತೋಡಿನಷ್ಟಾಯಿತು. ಗೋಡೆಯಾದ ಮರುವರ್ಷ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ದೂಮಣ್ಣನ ಹೆಂಡತಿ ಚಂದಕ್ಕ ದೋಣಿಯಿಂದ ಬಿದ್ದು ಹೋದರು. ಮೊದಲು ಮೆಟ್ಟಿಲಿಗೆ ಬಂದವರು ಅವರೇ. ಊರಿಗೆ ಪ್ರಶ್ನೆ ಮಾಡಬಾರದೆಂಬ ಕಟ್ಟಳೆ ಹಾಕಿದವರು ದೂಮಣ್ಣ. "ಅವರನ್ನು ಕೇಳಿದ್ರೆ ಅವರು ಉತ್ತರ ಹೇಳ್ಲೇಬೇಕು. ಉತ್ತರ ಹೇಳಿದ ಮೇಲೆ ಕೇಳಿದವರನ್ನು ಕರ್ಕೊಂಡೇ ಹೋಗ್ತಾರೆ" ಅಂದರು. ಕಡವು ನಡೆಸುವ ಮನುಷ್ಯ, ಹೊಳೆಯ ವಿಷಯದಲ್ಲಿ ಅವರ ಮಾತೇ ಮಾತು. ಯಾರ ಪ್ರಶ್ನೆ ಯಾರ ಕಿವಿಗೆ ಬೀಳುತ್ತದೋ ಅಂತ ಹೆದರಿ ನಾವು ನಮ್ಮ ನಮ್ಮೊಳಗೂ ಕೇಳುವುದನ್ನು ಬಿಟ್ಟೆವು.

ಹೀಗೇ ನಡೆಯುತ್ತಿತ್ತು. ಆದರೆ ಬಾಯಿ ಕಟ್ಟಿದ ಹೊಳೆ ಎಷ್ಟು ವರ್ಷ ಬದುಕೀತು? ನೀರು ಮೊದಲು ಹಸಿರಾಯಿತು, ಆಮೇಲೆ ಕಪ್ಪಾಯಿತು. ಕೆಸರಿನ ಚಿಪ್ಪುಮೀನು ಮರುವಾಯಿ ಹೆಕ್ಕಲು ಇಳಿದರೆ ಬುಟ್ಟಿ ತುಂಬ ಖಾಲಿ ಚಿಪ್ಪು. ದಡದ ಕಾಂಡ್ಲ ಗಿಡಗಳು ಬೇರು ಮೇಲೆ ಮಾಡಿ ಒಣಗಿದವು. ಬಾವಿಯ ನೀರಿನಲ್ಲಿ ಕೊಳೆತ ವಾಸನೆ, ಮಕ್ಕಳ ಮೈತುಂಬ ಕಜ್ಜಿ. ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಅಕ್ಕನನ್ನು ನೋಡಿ. ಅವಳ ಲಂಗದ ಅಂಚಿಗೆ ಕಪ್ಪು ಕೆಸರು ಹತ್ತಿತ್ತು. ವರ್ಷದಿಂದ ವರ್ಷಕ್ಕೆ ಅದು ಮೇಲೇರುತ್ತಿತ್ತು. ಮುಂದೊಂದು ದಿನ ಮುಖಕ್ಕೂ ಏರಿದರೆ ಏನು ಗತಿ ಅಂತ ದಿನವೂ ಅದನ್ನು ಕಣ್ಣಲ್ಲೇ ಅಳೆಯುತ್ತಿದ್ದೆ.

ಆಗಲೇ ಪೇಟೆಯ ವಾಚನಾಲಯದಲ್ಲಿ ಆ ಪ್ರಕಟಣೆ ಕಂಡದ್ದು. ಹೊಳೆ-ಕಡಲು ನಿಧಿ ಅಂತ ರಾಜಧಾನಿಯಲ್ಲೊಂದು ಸಂಸ್ಥೆ. ಊರಿನವರೇ ಸೇರಿ ತಮ್ಮ ಹೊಳೆಯನ್ನು ಉಳಿಸಿಕೊಳ್ಳುವುದಾದರೆ ಅನುದಾನ ಕೊಡುತ್ತಾರಂತೆ. ನಾನು ಮರುವಾಯಿ ಹೆಕ್ಕುವ ಹೆಂಗಸರ ಸಂಘದ ಕಾರ್ಯದರ್ಶಿ, ಹೆಸರು ಸುಗಂಧಿ. ಎಸ್ಸೆಸ್ಸೆಲ್ಸಿ ಪಾಸಾದ ತಪ್ಪಿಗೆ ಊರಿನ ಅರ್ಜಿಯೆಲ್ಲ ನನ್ನ ತಲೆಗೇ. ಕೆಸರು ತೆಗೆಸುವುದು, ಕಾಂಡ್ಲ ನೆಡುವುದು, ಮರುವಾಯಿ ಮರಿ ಬಿಡುವುದು ಅಂತ ಯೋಜನೆ ಮಾಡಿದೆವು. ಗೋಡೆಯ ಸುದ್ದಿಗೆ ಹೋಗಲಿಲ್ಲ. ಯಜಮಾನರ ಸ್ಥಾನದಲ್ಲಿ ದೂಮಣ್ಣನನ್ನೇ ಕೂರಿಸಿದೆವು. ಹೊಳೆಯ ಕೆಲಸಕ್ಕೆ ಅವರಿಲ್ಲದೆ ಆದೀತೇ?

ಅರ್ಜಿ ತುಂಬಲು ದೂಮಣ್ಣನ ಕಡವಿನ ಮನೆಯಲ್ಲಿ ಸೇರಿದೆವು. ಫಾರಂ ತೆರೆದು ನೋಡಿದರೆ, ಅಯ್ಯೋ ದೇವರೇ, ಅಡಿಯಿಂದ ಮುಡಿಯವರೆಗೆ ಬರೀ ಪ್ರಶ್ನೆ! ಕಿಟಕಿಯಾಚೆ ಹೊಳೆ. ನಾನು ಎದ್ದು ಕಿಟಕಿ ಮುಚ್ಚಿದೆ. "ಕಿಟಕಿ ಮುಚ್ಚಿದ ಮಾತ್ರಕ್ಕೆ ಹೊಳೆ ಎದ್ದು ಹೋಗುವುದಿಲ್ಲ ಮಾರಾಯ್ತಿ" ಎಂದರು ದೂಮಣ್ಣ. ಕೊನೆಗೆ ಪ್ರಶ್ನೆಗಳನ್ನೆಲ್ಲ ಸುದ್ದಿಯ ಹಾಗೆ ಓದಿದೆ. "ನಮ್ಮ ಸಂಘದ ಹೆಸರು ಅವರಿಗೆ ಗೊತ್ತಿಲ್ಲವಂತೆ, ತಿಳ್ಕೊಳ್ಳುವ ಆಸೆ ಉಂಟಂತೆ." "ಪಾಪ, ಬರಿ ಬರಿ" ಅಂದರು ಹೆಂಗಸರು. "ದಿನವೂ ಹೊಳೆಯನ್ನು ನಂಬಿದವರ ವಿಷಯ ಹೇಳ್ಬೇಕಂತೆ." ದೋಣಿಯವರು, ಮರುವಾಯಿ ಹೆಕ್ಕುವವರು ಅಂತ ಬರೆದೆ. ಪೆನ್ನು ನಿಂತಿತು. ದಿನವೂ ಹೊಳೆಯಲ್ಲೇ ಇರುವವರನ್ನು ಬಿಟ್ಟು ಬರೆಯಲು ಮನಸ್ಸು ಬರಲಿಲ್ಲ. "ಇಳಿತದ ಹೊತ್ತಿಗೆ ಮೆಟ್ಟಿಲ ಬಳಿ ನಿಲ್ಲುವವರು" ಅಂತಲೂ ಬರೆದೆ. ಯಾರೂ ಬೇಡ ಅನ್ನಲಿಲ್ಲ. ಕೊನೆಯ ಪುಟದಲ್ಲಿ ಊರಿನ ಜನರನ್ನೆಲ್ಲ ಕೇಳಿದ್ದೀರಾ, ಹೇಗೆ ಕೇಳಿದಿರಿ ಅಂತಿತ್ತು. ಸುಳ್ಳು ಬರೆಯುವುದು ಹೇಗೆ? "ಯಾರನ್ನೂ ಕೇಳಿಲ್ಲ. ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲರಿಗೂ ಹೇಳಿದ್ದೇವೆ" ಎಂದು ಬರೆದು ಎಲ್ಲರೂ ರುಜು ಹಾಕಿ ಕಳಿಸಿದೆವು.

ಅರ್ಜಿ ವಾಪಸ್ಸು ಬಂತು. ಜನರನ್ನು ಕೇಳದೆ ಜನರ ಯೋಜನೆ ಆಗುವುದಿಲ್ಲ, ಅದರಲ್ಲೂ ಮೆಟ್ಟಿಲ ಬಳಿ ನಿಲ್ಲುವ ಆ ಬಡವರನ್ನು ಕೇಳದೇ ಬಿಟ್ಟದ್ದು ಸರಿಯಲ್ಲ, ನಮ್ಮ ಪ್ರತಿನಿಧಿಯೊಬ್ಬರು ಬಂದು ಅವರನ್ನು ಖುದ್ದು ಭೇಟಿಯಾಗುತ್ತಾರೆ ಅಂತ ಜೊತೆಗೊಂದು ಪತ್ರ. ಓದಿ ನಾನು ಅಲ್ಲೇ ಕುಕ್ಕರಿಸಿದೆ.

ಬಂದವರ ಹೆಸರು ಸುಚೇತಾ. ಮೂವತ್ತರ ಆಸುಪಾಸು, ನಗುಮುಖ, ಹೆಗಲಿಗೊಂದು ಚೀಲ. ಆಕೆಯ ಬಗ್ಗೆ ಒಂದು ಕೆಟ್ಟ ಮಾತು ಆಡಲಾರೆ. ಆದರೆ ಗುಡ್ಡ ಇಳಿದು ದಕ್ಕೆಗೆ ಕಾಲಿಟ್ಟದ್ದೇ ತಡ, "ನೀರು ಯಾಕೆ ಇಷ್ಟು ಕಪ್ಪಗಿದೆ? ಎಷ್ಟು ವರ್ಷದಿಂದ ಹೀಗಿದೆ? ನೀವೆಲ್ಲ ಯಾಕೆ ಓಡ್ತಾ ಇದ್ದೀರಿ?" ಮೀನಿನ ಹೆಂಗಸರು ಬುಟ್ಟಿ ಬಿಟ್ಟು ಕಿವಿ ಮುಚ್ಚಿಕೊಂಡು ಓಡುತ್ತಿದ್ದರು. ಪುಣ್ಯಕ್ಕೆ ಅದು ಇಳಿತದ ಹೊತ್ತಲ್ಲ. ನಾನು ಆಕೆಯ ಕೈ ಹಿಡಿದು ಮಂಜುಗಡ್ಡೆ ಶೆಡ್ಡಿನ ಹಿಂದಕ್ಕೆ, ಹೊಳೆ ಕಾಣದ ಕಡೆಗೆ ಎಳೆದುಕೊಂಡು ಹೋಗಿ ಕಟ್ಟಳೆ ಹೇಳಿದೆ. ನೀರಿನವರು ಯಾರೆಂಬುದನ್ನು ಹೇಳಲಿಲ್ಲ. ಏನಂತ ಹೇಳಲಿ? ಆಕೆ ಗಂಭೀರವಾಗಿ ತಲೆಯಾಡಿಸಿ, "ನಿಮ್ಮ ಸಂಪ್ರದಾಯವನ್ನು ಗೌರವಿಸ್ತೇವೆ, ಸುಗಂಧಕ್ಕ" ಅಂದಳು. ಮರುಕ್ಷಣ, "ಇದನ್ನೆಲ್ಲ ಯಾರು ಶುರು ಮಾಡಿದ್ದು?" ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂದುಕೊಂಡೆ.

ಅಳಿವೆಯವರೆಗೆ ನಡೆದು ಗೋಡೆಯನ್ನೂ ಮರಳದಿಣ್ಣೆಯನ್ನೂ ನೋಡಿದ ಮೇಲೆ ಆಕೆಯ ನಗು ಹೋಯಿತು. ಕಡವಿನ ಮನೆಗೆ ಬಂದು ನಮ್ಮ ಯೋಜನೆಯ ಹಾಳೆಗಳನ್ನು ಮಡಿಚಿಟ್ಟಳು. "ನಾನು ಕೇಳೋದಿಲ್ಲ, ಹೇಳ್ತೇನೆ. ಈ ಗೋಡೆ ಇರೋವರೆಗೆ ನೀವು ಕೆಸರು ತೆಗೆಯೋದು, ಗಿಡ ನೆಡೋದು ಎಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ. ಅಳಿವೆ ಬಿಡಿಸಬೇಕು. ಗೋಡೆ ಒಡೆದು ದಿಣ್ಣೆ ಕಡಿದರೆ ಒಂದೇ ಇಳಿತಕ್ಕೆ ನಿಂತ ನೀರೆಲ್ಲ ಕಡಲಿಗೆ ಹೋಗ್ತದೆ. ಹೊಳೆ ಬದುಕ್ತದೆ. ಅದಕ್ಕಾದರೆ ಅನುದಾನ ಬರ್ತದೆ, ಇಲ್ಲದಿದ್ದರೆ ಇಲ್ಲ. ಕಾರ್ಯದರ್ಶಿಯವರು ಒಪ್ಪಿ ಸಹಿ ಹಾಕಬೇಕು."

ದೂಮಣ್ಣ ಗೋಡೆಗೊರಗಿ ಕೂತಿದ್ದರು, ಎಂಬತ್ತರ ಮುದುಕ. ಮೆಲ್ಲಗೆ ಹೇಳಿದರು: "ಗೋಡೆ ತೆಗೆದ್ರೆ ನೀರು ನಿಲ್ಲುವುದಿಲ್ಲ. ನೀರು ನಿಲ್ಲದಿದ್ರೆ ನೀರಿನವರೂ ನಿಲ್ಲುವುದಿಲ್ಲ. ಅಷ್ಟು ತಿಳ್ಕೊಂಡು ಸಹಿ ಹಾಕು ಸುಗಂಧಿ."

ಅದೇನು ನನಗೆ ಹೊಳೆದಿರಲಿಲ್ಲವೆಂದಲ್ಲ. ಆದರೆ ಅವರು ಬಾಯಿಬಿಟ್ಟು ಹೇಳಿದ ಮೇಲೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಒಂದು ಕಡೆ ಊರಿನ ಮಕ್ಕಳ ಕಜ್ಜಿ ಮೈ, ಖಾಲಿ ಚಿಪ್ಪು. ಇನ್ನೊಂದು ಕಡೆ ನನ್ನ ಅಕ್ಕ. ಅವಳಿಲ್ಲದ ಮೆಟ್ಟಿಲನ್ನು ನಾನು ಏನು ಮಾಡಲಿ? ಯಾರಿಗೆ ಅಡುಗೆ ಮಾಡಲಿ? ನಾಚಿಕೆ ಬಿಟ್ಟು ಹೇಳುತ್ತೇನೆ, ಊರು ಹಾಳಾಗಿ ಹೋಗಲಿ ಅನ್ನಿಸಿತು. ಎದ್ದು ನಿಂತು, "ಸಹಿ ಹಾಕ್ಲಿಕ್ಕೆ ಆಗುವುದಿಲ್ಲ ಮೇಡಂ. ನಮಗೆ ನಿಮ್ಮ ದುಡ್ಡು ಬೇಡ" ಅಂದೆ. ದೂಮಣ್ಣ ಕಣ್ಣು ಮುಚ್ಚಿಕೊಂಡರು. ಹೆಂಗಸರಲ್ಲಿ ಕೆಲವರು ಬಿಕ್ಕಿದರು. ಅವರವರ ಮೆಟ್ಟಿಲಿಗೂ ಬರುವವರಿದ್ದರಲ್ಲ.

ಹನ್ನೆರಡರ ಬಿಸಿಲಿಗೆ ಇಳಿತ ತಳ ಕಾಣುತ್ತಿತ್ತು. ಸುಚೇತಾ ಗುಡ್ಡದ ಕಡೆ ಹೋಗಿರಬೇಕು ಎಂದುಕೊಂಡು ನಾನು ಮನೆಗೆ ಬಂದು ತಟ್ಟೆಗೆ ಅನ್ನ ಬಡಿಸಿದೆ. ಹಿಂದಿನ ಬಾಗಿಲು ದಾಟಿ ನೋಡುತ್ತೇನೆ, ಆ ಹುಡುಗಿ ನಮ್ಮ ನೀರಂಚಿನ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ! ಎದುರಿಗೆ ನೀರಿನಲ್ಲಿ ನನ್ನ ಅಕ್ಕ. ಯಾರೋ ಮರುವಾಯಿ ಹೆಕ್ಕುವ ಹುಡುಗಿ ಅಂತ ತಿಳಿದಿರಬೇಕು. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಸುಚೇತಾ ತನ್ನ ನಗುಮುಖದಲ್ಲಿ, ಎಲ್ಲ ಊರುಗಳಲ್ಲೂ ಕೇಳುವ ಹಾಗೆ ಕೇಳಿಬಿಟ್ಟಳು: "ನಿಮ್ಮನ್ನು ಯಾರೂ ಕೇಳೇ ಇಲ್ವಂತೆ. ನಿಮಗೇನು ಬೇಕಮ್ಮಾ?"

ತಟ್ಟೆ ನನ್ನ ಕೈಯಿಂದ ಜಾರಿ ಮೆಟ್ಟಿಲುಗಳ ಮೇಲೆ ಟಣಟಣ ಉರುಳಿತು. ಅಕ್ಕನ ತುಟಿ ಅಲುಗಿತು. ಇಷ್ಟು ವರ್ಷ ಕಲ್ಲಿನ ಹಾಗಿದ್ದ ತುಟಿ ಮೊದಲು ಅದುರಿ, ಆಮೇಲೆ ತೆರೆದುಕೊಂಡಿತು. ಬಂದದ್ದು ಅವಳದೇ ದನಿ, ಆಗಷ್ಟೇ ನಿದ್ದೆಯಿಂದೆದ್ದವರ ಹಾಗೆ ಸ್ವಲ್ಪ ಗೊಗ್ಗರು.

"ಕಾಲು ನೋಯ್ತದೆ" ಅಂದಳು.

ಸುಚೇತಾ ಅರ್ಥವಾಗದೆ ನೋಡಿದಳು. ಅಕ್ಕ ಮತ್ತೆ ಹೇಳಿದಳು: "ನಿಂತು ನಿಂತು ಕಾಲು ನೋಯ್ತದೆ. ಹೋಗ್ಲಿಕ್ಕೆ ದಾರಿ ಇಲ್ಲ."

ಪಕ್ಕದ ಮೆಟ್ಟಿಲ ಬುಡದಿಂದಲೂ ಒಂದು ದನಿ ಎದ್ದಿತು, ಗಂಡಸಿನದು: ಕಾಲು ನೋಯ್ತದೆ. ಅದರಾಚೆಯ ಮೆಟ್ಟಿಲಿನಿಂದ ಒಂದು ಮಗುವಿನದು. ಆಮೇಲೆ ದಂಡೆಯುದ್ದಕ್ಕೂ, ದಕ್ಕೆಯಿಂದ ಕಡವಿನವರೆಗೂ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಅದೇ ಮಾತು ದಾಟಿಕೊಂಡು ಹೋಯಿತು. ಯಾರೂ ಕಿರುಚಲಿಲ್ಲ, ಅಳಲಿಲ್ಲ. ಪಿಸುಗುಡುವುದಕ್ಕಿಂತ ತುಸು ಜೋರಾಗಿ, ಒಂದೇ ಸಮನೆ, ಕಾಲು ನೋಯ್ತದೆ, ಕಾಲು ನೋಯ್ತದೆ. ಮನೆಗಳ ಹಿಂಬಾಗಿಲು ಒಂದೊಂದಾಗಿ ತೆರೆದವು. ಜನ ತಟ್ಟೆ, ಸೌಟು, ಮಗು ಹಿಡಿದುಕೊಂಡು ಹೊರಗೆ ಬಂದು ನಿಂತರು. ನನ್ನ ಮಂಡಿನೋವನ್ನು ನಾನು ಅವಳಿಗೆ ಎಷ್ಟು ಸಲ ಹೇಳಿದ್ದೆ! ಎದುರಿಗೆ ನಿಂತವಳ ಕಾಲಿನ ವಿಷಯ ನನಗೆ ಒಂದು ದಿನವಾದರೂ ನೆನಪಾಗಿತ್ತೇ?

ಸುಚೇತಾ ನೀರನ್ನು ನೋಡುತ್ತಿದ್ದಳು. ಅಕ್ಕನ ಕೂದಲಿನಿಂದ ಹನಿ ಬೀಳುತ್ತಿತ್ತು, ನೀರು ಅಲುಗುತ್ತಿರಲಿಲ್ಲ. ಮೆಟ್ಟಿಲಿನ ನೆರಳು, ತೆಂಗಿನ ನೆರಳು, ತನ್ನ ನೆರಳು ಎಲ್ಲ ಆ ನೀರಿನಲ್ಲಿತ್ತು, ಅಕ್ಕನದಿರಲಿಲ್ಲ. ಹುಡುಗಿಯ ಮುಖ ಬಿಳುಚಿತು. ನಾನು ಹೋಗಿ ಆಕೆಯ ರಟ್ಟೆ ಹಿಡಿದು ಮೇಲೆಬ್ಬಿಸಿದೆ. ಆಕೆಯನ್ನು ನೀರು ಈಗ ಎಳೆದುಕೊಳ್ಳುತ್ತದೆ, ಈಗ ಎಳೆದುಕೊಳ್ಳುತ್ತದೆ ಅಂತ ಹಿಡಿದ ರಟ್ಟೆಯನ್ನು ಬಿಡಲಿಲ್ಲ. ಏನೂ ಆಗಲಿಲ್ಲ. ಉಬ್ಬರ ತಿರುಗಿತು, ದನಿಗಳು ನಿಂತವು, ಮೆಟ್ಟಿಲ ಬುಡ ಖಾಲಿಯಾಯಿತು.

ಸುಚೇತಾಳನ್ನು ಗುಡ್ಡದ ತುದಿಯವರೆಗೆ ಬಿಡಲು ಹೋಗುವಾಗ ಕಡವಿನ ಮನೆಯ ಎದುರು ದೂಮಣ್ಣ ನಿಂತಿದ್ದರು. ಊರಿಗೆ ಊರೇ ಗರ ಬಡಿದಂತಿದ್ದಾಗ ಅವರೊಬ್ಬರ ಮುಖದಲ್ಲಿ ಬೆಚ್ಚಿದ ಗುರುತಿರಲಿಲ್ಲ. ಅದನ್ನು ನೋಡಿಯೇ ನನಗೆ ಗೊತ್ತಾಗಿಹೋಯಿತು.

"ನೀವು ಮೊದಲೇ ಕೇಳಿದ್ದಿರಿ" ಅಂದೆ.

"ಒಮ್ಮೆ. ಚಂದು ಬಂದ ಮೊದಲ ವರ್ಷ" ಅಂದರು. "ಇದೇ ಹೇಳಿದ್ಳು. ಗೋಡೆ ಒಡೆಸಿ, ನಾನು ಹೋಗ್ತೇನೆ ಅಂದ್ಳು. ನನಗೆ ಕಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಬೇರೆಯವರು ಕೇಳಿ ತಿಳ್ಕೊಂಡ್ರೆ ಗೋಡೆ ಉಳಿಯುವುದಿಲ್ಲ ಅಂತ ಹೆದ್ರಿಕೆ. ಅದಕ್ಕೇ ಕಟ್ಟಳೆ."

ಸಿಟ್ಟು ನೆತ್ತಿಗೇರಿತು. ಮುದುಕನನ್ನು ಹಿಡಿದು ಜಾಡಿಸಿಬಿಡೋಣ ಅನ್ನಿಸಿತು. ಆದರೆ ಅವತ್ತು ಬೆಳಿಗ್ಗೆ ಗೋಡೆ ಬೇಡ ಅನ್ನುವ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದವಳು ನಾನೇ ಅಲ್ಲವೇ? ಅವರ ಜಾಗದಲ್ಲಿ ನಾನಿದ್ದರೂ ಕಟ್ಟಳೆಯನ್ನೇ ಹಾಕುತ್ತಿದ್ದೆ. ಮುಂದೆ ನಡೆದೆ. ಸುಚೇತಾ ಗುಡ್ಡ ಹತ್ತುವವರೆಗೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ತುದಿ ತಲುಪಿ ಹೊಳೆ ಮರೆಯಾದ ಮೇಲೆ ಚೀಲದಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. "ಹಾಕ್ತೀರಾ, ಸುಗಂಧಕ್ಕ?" ಅಂದಳು. ಮಂಡಿ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದೆ. ಕಣ್ಣೀರು ಬಿದ್ದು ನನ್ನ ಹೆಸರು ಅರ್ಧ ಕದಡಿತು. ಪರವಾಗಿಲ್ಲ ಅಂದಳು. ಆಮೇಲೆ ಅವರ ಸಂಸ್ಥೆಗೆ ಆಕೆ ಬರೆದ ವರದಿಯ ಪ್ರತಿ ನಮಗೂ ಬಂತು. ಹೊಳೆಯನ್ನು ನಂಬಿದವರೆಲ್ಲರನ್ನೂ ಕೇಳಲಾಗಿದೆ, ಯಾರದೂ ಆಕ್ಷೇಪವಿಲ್ಲ, ಕೆಲಸ ಬೇಗ ಆಗಬೇಕೆಂಬುದು ಅವರ ಬೇಡಿಕೆ, ಅಷ್ಟೇ ಅದರಲ್ಲಿತ್ತು.

ಅನುದಾನ ಬಂತು, ಬಂಡೆ ಎತ್ತುವ ಯಂತ್ರ ಬಂತು. ಆ ದಿನಗಳಲ್ಲಿ ಊರಿನ ನಡವಳಿಕೆಯೇ ಬದಲಾಯಿತು. ಇಳಿತದ ಹೊತ್ತಿಗೆ ಜನ ಮೆಟ್ಟಿಲಲ್ಲಿ ಕೂತು ದೂರು ಹೇಳುವುದನ್ನು ಬಿಟ್ಟರು. ಸುಮ್ಮನೆ ನೀರಿಗಿಳಿದು, ನೀರಿನವರ ಪಕ್ಕದಲ್ಲಿ ತಾವೂ ಮೊಣಕಾಲುದ್ದದ ಕಪ್ಪು ನೀರಿನಲ್ಲಿ ನಿಂತುಕೊಳ್ಳುತ್ತಿದ್ದರು. ನಾನೂ ನಿಂತೆ. ನೀರು ಐಸಿನಂತೆ ಕೊರೆಯುತ್ತಿತ್ತು. ಉಬ್ಬರ ತಿರುಗುವಷ್ಟರಲ್ಲಿ ನನ್ನ ಕಾಲು ಮರಗಟ್ಟಿ, ಕಂಬ ಹಿಡಿದು ಮೇಲೆ ಬರಬೇಕಾಗುತ್ತಿತ್ತು. ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ಹೆದರಿಕೆ ಹೋಗಿತ್ತು, ಆದರೆ ನಾಲಗೆ ಏಳಬೇಕಲ್ಲ.

ಯಂತ್ರ ಬಂಡೆಗಳನ್ನು ಎತ್ತಿತು. ಮರಳದಿಣ್ಣೆಯ ಕೊನೆಯ ಪದರವನ್ನು ಊರಿನವರೇ ಹಾರೆ ಹಿಡಿದು ಕಡಿದೆವು. ಮೊದಲ ಹಾರೆ ದೂಮಣ್ಣನದು. ಬೇಡವೆಂದರೂ ಬಿಡಲಿಲ್ಲ. ಉಬ್ಬರ ತುಂಬಿ ತಿರುಗುವ ಹೊತ್ತಿಗೆ ದಿಣ್ಣೆ ಬಿಟ್ಟುಕೊಂಡಿತು. ಮೊದಲು ಬೆರಳಿನಷ್ಟು ನೀರು, ಆಮೇಲೆ ತೋಡಿನಷ್ಟು, ಆಮೇಲೆ ಇಡೀ ಹೊಳೆ ಗುಡುಗುತ್ತ ಕಡಲಿಗೆ ನುಗ್ಗಿತು. ನಾವು ಹಾರೆ ಎಸೆದು ಅವರವರ ಮನೆಗೆ ಓಡಿದೆವು. ಇದು ಕೊನೆಯ ಇಳಿತವೆಂದು ಎಲ್ಲರಿಗೂ ಗೊತ್ತಿತ್ತು.

ನೀರು ಮೆಟ್ಟಿಲ ಬುಡಕ್ಕೆ ಇಳಿಯುವಷ್ಟರಲ್ಲಿ ಅವರು ಬಂದಿದ್ದರು. ನೀರು ಅವರ ಮೊಣಕಾಲಿನಿಂದ ಕೆಳಗೆ, ಕೆಳಗೆ ಇಳಿಯುತ್ತಿತ್ತು. ಆಗ ಎಲ್ಲಿಂದಲೋ ಒಂದು ಹೆಂಗಸಿನ ದನಿ ಕೇಳಿತು: "ಅಪ್ಪಾ, ನನ್ನ ಮೇಲೆ ಸಿಟ್ಟುಂಟಾ?" ಅಷ್ಟೇ ಸಾಕಾಯಿತು. ನಲವತ್ತು ವರ್ಷ ದವಡೆಯಲ್ಲಿ ಇಟ್ಟುಕೊಂಡದ್ದೆಲ್ಲ ಒಮ್ಮೆಲೇ ಹೊರಬಿತ್ತು. ನಿಂಗೆ ನೋವಾಯ್ತಾ? ಕಪಾಟಿನ ಬೀಗದಕೈ ಎಲ್ಲಿಟ್ಟದ್ದು? ನನ್ನ ನೆನಪುಂಟಾ? ಯಾರು ದೂಡಿದ್ದು? ಚಳಿಯಾಗ್ತದಾ ಮಗಾ? ದಂಡೆಯುದ್ದಕ್ಕೂ ಪ್ರಶ್ನೆ, ದಂಡೆಯುದ್ದಕ್ಕೂ ಉತ್ತರ. ಸಂತೆಯಂತಿತ್ತು, ಮೈ ಜುಮ್ಮೆನ್ನುವ ಸಂತೆ. ಕಡವಿನ ಮೆಟ್ಟಿಲಲ್ಲಿ ದೂಮಣ್ಣ ಮಾತ್ರ ಏನೂ ಕೇಳಲಿಲ್ಲವಂತೆ. ಕೈ ಮುಗಿದು, "ಹೋಗು ಚಂದೂ, ತಡವಾಯ್ತು" ಅಂದರಂತೆ.

ನಾನು ಅಕ್ಕನ ಎದುರು ನಿಂತೆ. ಗಂಟಲಿನ ಮುಳ್ಳನ್ನು ಕಿತ್ತು ತೆಗೆಯುವ ಹೊತ್ತು. ಅವತ್ತು ಗೋಡೆಯ ಕಡೆ ಯಾಕೆ ಹೋದೆ? ಜಾರಿದೆಯೋ, ಇಳಿದೆಯೋ? ಒಂದೊಂದು ಪದವನ್ನೂ ಎಷ್ಟೋ ವರ್ಷದಿಂದ ಜೋಡಿಸಿಟ್ಟಿದ್ದೆ. ಅವಳ ಮುಖ ನೋಡಿದೆ. ಹತ್ತೊಂಬತ್ತರ ಮುಖ, ನನಗೆ ಮಗಳಾಗುವ ಪ್ರಾಯ. ಸುಸ್ತಾಗಿತ್ತು ಆ ಮುಖಕ್ಕೆ. ಬಾಯಿ ತೆರೆದೆ. ಬಂದದ್ದು ಬೇರೆಯೇ.

"ಊಟ ಆಯ್ತಾ ಅಕ್ಕ?"

ಅವಳು ನಕ್ಕಳು. ಹೌದು, ನಕ್ಕಳು. "ಆಯ್ತು" ಅಂದಳು. "ನಿಂದು?"

"ಇನ್ನೂ ಇಲ್ಲ."

"ಅನ್ನ ಆರ್ತದೆ. ಹೋಗು, ಉಣ್ಣು."

ಹೇಳಿ ತಿರುಗಿದಳು. ಇಷ್ಟು ವರ್ಷ ಮನೆಯ ಕಡೆಗೇ ನಿಂತವಳು, ಅವಳ ಬೆನ್ನನ್ನು ನಾನು ಕಂಡದ್ದೇ ಇಲ್ಲ. ಜಡೆಯಲ್ಲಿ ಒಂದು ಮೊಳ ಅಬ್ಬಲಿಗೆ ಇತ್ತು. ಅವಳು ಹೋದ ದಿನ ಬೆಳಿಗ್ಗೆ ನಾನೇ ಕಟ್ಟಿ ಮುಡಿಸಿದ್ದು, ಒಂದು ಹೂವೂ ಬಾಡಿರಲಿಲ್ಲ. ಹೊಳೆಯ ನಡುವಿನಲ್ಲಿ ಎಲ್ಲ ಮೆಟ್ಟಿಲುಗಳಿಂದಲೂ ಬಂದವರು ಒಟ್ಟಾದರು, ಮಕ್ಕಳನ್ನು ಯಾರೋ ಎತ್ತಿಕೊಂಡರು, ಎಲ್ಲರೂ ಅಳಿವೆಯ ಕಡೆ ನಡೆದರು. ಹೂವಿನ ಕೇಸರಿ ಬಣ್ಣ ಕಾಣುವವರೆಗೂ ನೋಡಿದೆ.

ನೀರು ಎಂದೂ ಇಳಿಯದಷ್ಟು ಇಳಿದು, ಕೆಸರಿನಡಿ ಹುದುಗಿದ್ದ ಕೊನೆಯ ಮೆಟ್ಟಿಲು ಹೊರಗೆ ಬಂದಿತು. ಗಟ್ಟಿ ಕಗ್ಗಲ್ಲು. ಅದರಲ್ಲಿ ಎರಡು ಕುಳಿ ಬಿದ್ದಿತ್ತು, ಪಕ್ಕಪಕ್ಕದಲ್ಲಿ, ಒಬ್ಬ ಹುಡುಗಿಯ ಪಾದದಷ್ಟು ಉದ್ದ. ಬೊಗಸೆ ನೀರು ಹಿಡಿಯುವಷ್ಟು ಆಳ. ದಂಡೆಯ ಎಲ್ಲ ಮೆಟ್ಟಿಲುಗಳಲ್ಲೂ ಹಾಗೆಯೇ ಇತ್ತೆಂದು ಆಮೇಲೆ ಗೊತ್ತಾಯಿತು. ಕೂತು ಆ ಕುಳಿಗಳ ಕೆಸರನ್ನು ಸೆರಗಿನಿಂದ ಒರೆಸಿದೆ.

ಆಮೇಲೆ ಮಂಡಿ ಹಿಡಿದುಕೊಂಡು ಮೇಲೆ ಹೋದೆ. ತಟ್ಟೆ ಹಾಕಿಕೊಂಡು ಅನ್ನ ಬಡಿಸಿಕೊಂಡೆ. ಇನ್ನೂ ಬಿಸಿಯಿತ್ತು. ಉಂಡೆ.